ಅರವತ್ತು ಕಿ.ಮೀ. ಆಗುವಾಗ ಮನಸ್ಸು ಕೈ ಕೊಡ್ತದೆ: ಕ್ಯಾನ್ಸರ್ ನೆರವಿನ 160ರ ಸವಾರಿಗೆ ತಯಾರಿ ಹೇಗೆ?

ಕೂಳೂರು_ಸೈಕಲ್:

ಎಲ್ಲರಿಗೂ ನಮಸ್ಕಾರ. ಕ್ಯಾನ್ಸರ್ ರೋಗಿಗಳ ಚಿಕಿತ್ಸೆಗೆ ಹಣ ಕೂಡಿಸುವ 160 ಕಿ.ಮೀ. ಸೈಕಲ್ ಸವಾರಿಗೆ ಹೆಸರು ಕೊಟ್ಟಿದ್ದೇನೆ. ಜನವರಿ ಕೊನೆಗೆ ಸವಾರಿ, ಇನ್ನು 12 ವಾರ ಉಂಟು. ಅಭ್ಯಾಸ ಮಂಗಳೂರಿನ ಕೊಟ್ಟಾರ ಚೌಕಿಯಿಂದ ಹೆದ್ದಾರಿಯಲ್ಲಿ ಉಡುಪಿ ದಿಕ್ಕಿಗೆ, ಉಚ್ಚಿಲದ ಹತ್ತಿರ ತಿರುಗಿ ವಾಪಸ್, ಒಟ್ಟು 70 ಕಿ.ಮೀ.

ಸೈಕಲ್ ಹೈಬ್ರಿಡ್, 700×32 ಟಯರ್ (ಅಗಲ 32 ಮಿ.ಮೀ.). ನನ್ನ ತೂಕ 72 ಕೆ.ಜಿ. ಬೆಳಿಗ್ಗೆ 6ಕ್ಕೆ ಒಂದು ಚಾ, ಎರಡು ಬಿಸ್ಕಿಟ್ ತಿಂದು ಹೊರಡುವುದು. ಮೊದಲ ಒಂದೂವರೆ ಗಂಟೆ ಸರಾಸರಿ 26ರ ವೇಗ ಬರ್ತದೆ. ದಾರಿಗೆ 750 ಮಿ.ಲೀ. ನೀರಿನ ಬಾಟ್ಲಿ ಒಂದು. ತಿಂಡಿ ಮನೆಗೆ ಬಂದ ಮೇಲೆಯೇ.

50ರ ತನಕ ಎಂತ ತೊಂದರೆಯೂ ಇಲ್ಲ. ವಾಪಸ್ ಬರುವಾಗ ಮುಕ್ಕ, ಸುರತ್ಕಲ್ ಹತ್ತಿರ, ಅಂದರೆ 55–60 ಆಗುವಾಗ, ಕಾಲಿಗಿಂತ ಮೊದಲು ಮನಸ್ಸು ನಿಲ್ತದೆ. ‘ಇದೆಲ್ಲ ಯಾಕೆ, ಸುಮ್ಮನೆ ಹಣವೇ ಕೊಟ್ಟುಬಿಟ್ಟರೆ ಆಗ್ತಿತ್ತಲ್ಲ’ ಅಂತ ಅನಿಸ್ಲಿಕ್ಕೆ ಶುರುವಾಗ್ತದೆ. ರೋಗಿಗಳ ಕಷ್ಟ ನೆನೆಸಿಕೊಂಡು ತುಳಿಯುವ ಅಂದರೆ ಬೇಜಾರು ಇನ್ನೂ ಜಾಸ್ತಿ. 70ಕ್ಕೇ ಹೀಗಾದರೆ 160 ಹೇಗೆ? ಹುಮ್ಮಸ್ಸು ಉಳಿಸಿಕೊಳ್ಳುವ ದಾರಿ ಗೊತ್ತಿದ್ದವರು ದಯವಿಟ್ಟು ಹೇಳಿ. ‘ಮನಸ್ಸು ಗಟ್ಟಿ ಮಾಡಿ’ ಅನ್ನುವುದು ಬೇಡ, ಎಂತ ಮಾಡಬೇಕು ಅಂತ ಬಿಡಿಸಿ ಹೇಳಿದರೆ ಉಪಕಾರ.

ಶಾಂಭವಿ_ದಡ:

ನೀವು ಬರೆದ ಲೆಕ್ಕದಲ್ಲೇ ಉತ್ತರ ಇದೆ. ಮನಸ್ಸಿನ ಮೇಲೆ ತಪ್ಪು ಹೊರಿಸುವ ಮೊದಲು ಹೊಟ್ಟೆಯನ್ನು ನೋಡಿ.

ಸ್ನಾಯು ಮತ್ತು ಲಿವರ್ ಎರಡರಲ್ಲೂ ಸೇರಿ ದೇಹ ಕೂಡಿಟ್ಟುಕೊಳ್ಳುವ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಸುಮಾರು 400–500 ಗ್ರಾಂ. ಜೋರಾಗಿ ತುಳಿದರೆ ಅದು ಎರಡು ಗಂಟೆ ಆಸುಪಾಸಿನಲ್ಲಿ ತಳ ಕಾಣುತ್ತದೆ. ರಾತ್ರಿಯ ಉಪವಾಸದಲ್ಲಿ ಲಿವರಿನ ಪಾಲು ಬಹುಮಟ್ಟಿಗೆ ಮೊದಲೇ ಖರ್ಚಾಗಿರುತ್ತದೆ. ಮಿದುಳಿಗೆ ಬೇಕಾದ ಸಕ್ಕರೆ ಬರುವುದು ಆ ಲಿವರಿನಿಂದ. ಹಾಗಾಗಿ ಕಾಲು ಸೋಲುವ ಮೊದಲೇ ಮನಸ್ಸು ಮಂಕಾಗುತ್ತದೆ, ಸಿಟ್ಟು ಬರುತ್ತದೆ, ‘ಯಾಕೆ ಬೇಕಿತ್ತು’ ಅನಿಸುತ್ತದೆ. 26ರ ವೇಗದಲ್ಲಿ 55–60 ಕಿ.ಮೀ. ಅಂದರೆ ಎರಡು ಗಂಟೆ ಹತ್ತು ನಿಮಿಷದ ಆಚೀಚೆ. ನಿಮ್ಮ ಮನಸ್ಸು ನಿಲ್ಲುವುದು ಗಡಿಯಾರ ನೋಡಿಕೊಂಡೇ.

ಇದನ್ನು ಪರೀಕ್ಷೆ ಮಾಡುವುದು ಸುಲಭ. ಬೇಜಾರು ಶುರುವಾದ ಕೂಡಲೇ ಯಾವ ತೀರ್ಮಾನಕ್ಕೂ ಬರಬೇಡಿ. ಎರಡು ಕದಳಿ ಹಣ್ಣು ಅಥವಾ ನಾಲ್ಕೈದು ಖರ್ಜೂರ ತಿನ್ನಿ, 200 ಮಿ.ಲೀ. ಉಪ್ಪು–ಸಕ್ಕರೆ ಶರಬತ್ತು ಕುಡಿಯಿರಿ, ವೇಗ 18ಕ್ಕೆ ಇಳಿಸಿ, 15 ನಿಮಿಷ ಕಳೆಯಲಿ. ಮನಸ್ಸು ತಿಳಿಯಾದರೆ ಅದು ಹಸಿವು. ಆಗದಿದ್ದರೆ ಮಾತ್ರ ಬೇರೆ ಕಾರಣ ಹುಡುಕಿ. ಹೆಚ್ಚಿನವರಿಗೆ ಅಲ್ಲಿಯ ತನಕ ಹೋಗುವ ಅಗತ್ಯವೇ ಬೀಳುವುದಿಲ್ಲ.

ಇನ್ನು ಹಸಿವಾಗುವ ತನಕ ಕಾಯದೇ ಇರುವ ಕ್ರಮ. ಹೊರಡುವ ಒಂದು ಗಂಟೆ ಮೊದಲು ಮೂರು ನಾಲ್ಕು ಇಡ್ಲಿ, ಅಥವಾ ಬೆಲ್ಲ ಹಾಕಿದ ಅವಲಕ್ಕಿ ಒಂದು ಬಟ್ಟಲು. ಹಿಂದಿನ ರಾತ್ರಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಚೆನ್ನಾಗಿ ಹೊಂದುತ್ತದೆ: ಪಿಷ್ಟ, ನೀರು, ಉಪ್ಪು ಮೂರೂ ಒಟ್ಟಿಗೆ ಸಿಗುತ್ತವೆ. ಸೈಕಲ್ ಮೇಲೆ ಗಂಟೆಗೆ 40ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್. ಹೊರಟ 30ನೇ ನಿಮಿಷದಿಂದಲೇ ಶುರು, ಆಮೇಲೆ ಪ್ರತಿ 20 ನಿಮಿಷಕ್ಕೊಮ್ಮೆ ಸ್ವಲ್ಪ. ಸಣ್ಣ ಕದಳಿ ಹಣ್ಣು ಒಂದಕ್ಕೆ ಸುಮಾರು 12 ಗ್ರಾಂ, ಸಾಧಾರಣ ಖರ್ಜೂರಕ್ಕೆ 6, 30 ಗ್ರಾಮಿನ ಶೇಂಗಾ ಚಿಕ್ಕಿಗೆ 15ರ ಹತ್ತಿರ. ಉಪ್ಪು ಹಾಕಿ ಬೇಯಿಸಿದ ಸಣ್ಣ ಬಟಾಟೆಯೂ ಒಳ್ಳೆಯದು, ಮೂರನೇ ಗಂಟೆಗೆ ಸಿಹಿ ಬೇಡ ಅನಿಸುವಾಗ ಅದೇ ಗತಿ. ಬನ್ಸ್, ಗೋಳಿಬಜೆ ಎಣ್ಣೆಯಲ್ಲಿ ಕರಿದದ್ದು, ಹೊಟ್ಟೆಯಲ್ಲೇ ಕುಳಿತುಬಿಡುತ್ತದೆ. ಅವನ್ನು ಸವಾರಿ ಮುಗಿದ ಮೇಲೆ ತಿನ್ನಿ.

ಶರಬತ್ತಿನ ಅಳತೆ ಒಂದು ಲೀಟರಿಗೆ: ಸಕ್ಕರೆ 40 ಗ್ರಾಂ (ಮಟ್ಟಸ ಹತ್ತು ಟೀ ಚಮಚ), ಉಪ್ಪು ಕಾಲು ಟೀ ಚಮಚ, ಒಂದು ಲಿಂಬೆ. ಕಾಲು ಚಮಚ ಉಪ್ಪು ಅಂದರೆ 1.5 ಗ್ರಾಂ, ಅದರಲ್ಲಿ ಸೋಡಿಯಂ 600 ಮಿ.ಗ್ರಾಂ ಹತ್ತಿರ. ಲಿಂಬೆ ಬೇಡವಾದರೆ ಪುನರ್ಪುಳಿ ರಸ ಹಾಕಿ. ಗಂಟೆಗೆ 600–750 ಮಿ.ಲೀ. ಬೇಕು. ಅಂದರೆ ಬಾಟ್ಲಿ ಎರಡು ಕಟ್ಟಲೇಬೇಕು, ಹೆಚ್ಚಿನ ಸೈಕಲ್‌ಗಳಲ್ಲಿ ಸೀಟಿನ ಕೆಳಗಿನ ದಂಡಕ್ಕೆ ಎರಡನೇ ಬಾಟ್ಲಿ ಹಿಡಿಕೆ ಹಾಕಲು ಜಾಗ ಇರುತ್ತದೆ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಎಳನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿಸಿಕೊಳ್ಳಿ. ಬಿ.ಪಿ., ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದವರು ಈ ಅಳತೆಯನ್ನು ತಮ್ಮ ಡಾಕ್ಟರಿಗೆ ತೋರಿಸಿಯೇ ಬಳಸಬೇಕು.

ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯುವುದೂ ಅಪಾಯ. ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ, ಬೆರಳು ಊದುವುದು ಎಲ್ಲ ಆಗುತ್ತದೆ. ಹೊರಡುವ ಮೊದಲು ಮತ್ತು ಬಂದ ಮೇಲೆ ತೂಕ ನೋಡಿ. ಒಂದು ಕೆ.ಜಿ. ಇಳಿದಿದ್ದರೆ ಒಂದು ಲೀಟರ್ ಕಡಿಮೆ ಕುಡಿದಿದ್ದೀರಿ. ನಿಮ್ಮ ತೂಕಕ್ಕೆ ಒಂದೂವರೆ ಕೆ.ಜಿ.ಗಿಂತ ಹೆಚ್ಚು ಇಳಿಯಬಾರದು, ಏರಲಂತೂ ಬಾರದು.

ವೇಗದ ಬಗ್ಗೆ ಒಂದೇ ಮಾತು: ಮೊದಲ 40 ಕಿ.ಮೀ.ಯಲ್ಲಿ ಪೂರ್ತಿ ವಾಕ್ಯ ಉಸಿರು ಕಟ್ಟದೆ ಆಡಲಿಕ್ಕೆ ಆಗಬೇಕು. ನಿಮಗೆ ಅದು ಬಹುಶಃ 21–22. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಸುಮ್ಮನೆ ಇಳಿಯುತ್ತದೆ. ಮೈ ತಣಿಯದ ಕಾರಣ ಅದೇ ವೇಗಕ್ಕೆ ಎದೆಬಡಿತ ಹೊತ್ತು ಕಳೆದಂತೆ ನಿಮಿಷಕ್ಕೆ ಹತ್ತು ಹದಿನೈದು ಏರುತ್ತದೆ. ಬೆಳಿಗ್ಗೆಯ 26ನ್ನು ಒಂಬತ್ತು ಗಂಟೆಗೂ ಹಿಡಿದಿಡಲು ಹೋದರೆ ಸೋಲು ಖಚಿತ. 160 ಕಿ.ಮೀ.ಯನ್ನು 22ರಲ್ಲಿ ಓಡಿಸಿದರೆ ಏಳೂಕಾಲು ಗಂಟೆ, ನಿಲ್ಲುವುದೆಲ್ಲ ಸೇರಿ ಎಂಟೂವರೆ. ಅಷ್ಟು ಸಾಕು.

ಪಡುವಣ_ಗಾಳಿ:

ಶಾಂಭವಿಯವರು ಹೇಳಿದ್ದು ಸರಿ, ಆದರೆ ಪೂರ್ತಿ ಹೊಟ್ಟೆಯ ಮೇಲೆ ಹಾಕ್ಲಿಕ್ಕೂ ಆಗುದಿಲ್ಲ. ಚೆನ್ನಾಗಿ ತಿಂದವರಿಗೂ ಹೆದ್ದಾರಿ ಬೇಸರ ಹಿಡಿಸ್ತದೆ ಮಾರಾಯ್ರೆ. ನಾಲ್ಕು ಪಥ, ಒಂದೇ ನೇರ, ಒಂದೇ ಡಾಮರು. ಸೈಕಲ್ ಕಂಪ್ಯೂಟರಿನಲ್ಲಿ ‘ಇನ್ನು 104 ಕಿ.ಮೀ.’ ಅಂತ ನೋಡಿದರೆ ಯಾರಿಗೂ ಕೈಕಾಲು ಬೀಳ್ತದೆ.

ಕಿ.ಮೀ. ಲೆಕ್ಕ ಬಿಡಿ, ಹೊಳೆ ಲೆಕ್ಕ ಹಿಡಿಯಿರಿ. ನಮ್ಮ ಹೆದ್ದಾರಿಗೆ ದೇವರು ಕೊಟ್ಟ ಭಾಗ್ಯ ಅದು. ಕೂಳೂರಲ್ಲಿ ಫಲ್ಗುಣಿ, ಪಾವಂಜೆಯಲ್ಲಿ ನಂದಿನಿ, ಮೂಲ್ಕಿಯಲ್ಲಿ ಶಾಂಭವಿ, ಉದ್ಯಾವರ ಹೊಳೆ, ಕಲ್ಯಾಣಪುರದಲ್ಲಿ ಸ್ವರ್ಣಾ, ಮಾಬುಕಳದಲ್ಲಿ ಸೀತಾ, ಕುಂದಾಪುರದಲ್ಲಿ ಪಂಚಗಂಗಾವಳಿ. ಒಂದು ಸೇತುವೆಯಿಂದ ಮುಂದಿನ ಸೇತುವೆಗೆ ಮಾತ್ರ ಸವಾರಿ. ಸೇತುವೆ ಬಂತು ಅಂದರೆ ಎರಡು ಗುಟುಕು, ಒಂದು ತುತ್ತು, ಭುಜ ಸಡಿಲ, ಹಿಡಿತ ಬದಲು. ಸೇತುವೆಯ ಕಬ್ಬಿಣದ ಜೋಡಣೆ ಮಾತ್ರ ನೇರ ದಾಟಬೇಕು, ಓರೆ ದಾಟಿದರೆ ಚಕ್ರ ಸಿಕ್ಕೀತು. ತಿನ್ನುವುದು ಸೇತುವೆ ಇಳಿದ ಮೇಲೆ.

ಈ ಲೆಕ್ಕದಲ್ಲಿ ಒಂದು ಕಡೆ ಮಾತ್ರ ಹೊಂಡ ಉಂಟು: ಮೂಲ್ಕಿಯಿಂದ ಉದ್ಯಾವರಕ್ಕೆ. ಇಪ್ಪತ್ತು ಕಿ.ಮೀ.ಗಿಂತ ಹೆಚ್ಚು, ದೊಡ್ಡ ಸೇತುವೆ ಇಲ್ಲ. ಹೆಜಮಾಡಿ, ಪಡುಬಿದ್ರಿ, ಉಚ್ಚಿಲ, ಕಾಪು, ಕಟಪಾಡಿ. ಮನಸ್ಸು ಕೈ ಕೊಡುವುದು ಹೆಚ್ಚಾಗಿ ಇಲ್ಲಿ. ಈ ತುಂಡನ್ನು ಮೊದಲೇ ಎರಡು ಮಾಡಿ: ಕಾಪುವಿನಲ್ಲಿ ಹತ್ತು ನಿಮಿಷ ನಿಲ್ಲುವುದು, ಅಲ್ಲಿಯ ತನಕ ಬೇರೆ ಎಲ್ಲಿಯೂ ಇಲ್ಲ. ಹತ್ತಕ್ಕಿಂತ ಜಾಸ್ತಿ ಕೂತರೆ ಕಾಲು ಬಿಗೀತದೆ, ಎದ್ದು ಹೊರಡುವುದು ಹೊಸ ಸವಾರಿ ಶುರು ಮಾಡಿದ ಹಾಗೆ. ಫ್ಯಾನ್ ಕೆಳಗೆ ಕೂತುಕೊಳ್ಳಲೇ ಬೇಡಿ.

ಮತ್ತೆ ಗಾಳಿ. ನವೆಂಬರಿನಿಂದ ಫೆಬ್ರವರಿ ತನಕ ಬೆಳಗ್ಗೆ ಮೂಡಣದಿಂದ ತೆಳ್ಳಗೆ ನೆಲಗಾಳಿ. ಹತ್ತು, ಹನ್ನೊಂದು ಗಂಟೆಗೆ ಕಡಲಗಾಳಿ ಏಳ್ತದೆ, ಅದು ವಾಯುವ್ಯದಿಂದ. ಹಾಗಾಗಿ ಬೆಳಿಗ್ಗೆ ಬಡಗಿಗೆ ಹೋಗಿ ಹೊತ್ತು ಏರುವಾಗ ತೆಂಕಿಗೆ ಬರುವುದು ಸರಿಯಾದ ಕ್ರಮ, ಬರುವಾಗ ಗಾಳಿ ಬೆನ್ನಿಗೆ. ಕೆಲವರು ತಲಪಾಡಿ ದಾಟಿ ಕಾಸರಗೋಡಿಗೆ ಹೋಗಿ ಮಧ್ಯಾಹ್ನ ವಾಪಸ್ ಬರ್ತಾರೆ. ಬಿಸಿಲು, ಎದುರುಗಾಳಿ, ದಣಿದ ಕಾಲು ಮೂರೂ ಒಟ್ಟಿಗೆ. ಅದರಲ್ಲಿ ಹುಮ್ಮಸ್ಸು ಉಳಿಯುವುದು ಕಷ್ಟ. ನೀವು 6ಕ್ಕಲ್ಲ, ಐದೂಕಾಲಿಗೆ ಹೊರಡಿ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವಾಗ ಆರೂಮುಕ್ಕಾಲು, ಹಾಗಾಗಿ ಒಂದೂವರೆ ಗಂಟೆ ಕತ್ತಲೆ. ಮುಂದೆ 400 ಲ್ಯುಮೆನ್‌ಗೆ ಕಡಿಮೆ ಇಲ್ಲದ ದೀಪ, ಹಿಂದೆ ಮಿನುಗುವ ಕೆಂಪು ಎರಡು. ಎರಡು ಯಾಕೆ ಅಂದರೆ ಒಂದು ಆರಿದ್ದು ತುಳಿಯುವವರಿಗೆ ಗೊತ್ತಾಗುದಿಲ್ಲ.

ಮನೆ ಸುತ್ತಮುತ್ತ ಸುತ್ತು ಹೊಡೆಯುವ ಮಾರ್ಗ ಇಟ್ಟುಕೊಳ್ಳಬೇಡಿ. ಪ್ರತಿ ಸುತ್ತಿಗೂ ಮನೆಯ ಗೇಟು ಕಾಣ್ತದೆ, ಒಂದು ಸಲ ಒಳಗೆ ಹೋದರೆ ಮುಗೀತು. ಹೋಗಿ ಬರುವ ದಾರಿಯಲ್ಲಿ ಅರ್ಧ ಮುಗಿಸಿದ ಮೇಲೆ ಬರಲೇಬೇಕು. ಹೆದ್ದಾರಿ ತೀರಾ ಸಾಕಾದರೆ ಕಟಪಾಡಿಯಲ್ಲಿ ಎಡಕ್ಕೆ ಇಳಿದು ಮಟ್ಟು, ಅಲ್ಲಿಂದ ಪಡುಕೆರೆ, ಸೇತುವೆ ದಾಟಿ ಮಲ್ಪೆ. ಒಂದು ಬದಿ ಕಡಲು, ಒಂದು ಬದಿ ಹೊಳೆ. ವೇಗ ಬರುದಿಲ್ಲ, ರಸ್ತೆಗೆ ಹೊಯಿಗೆ ಬಂದಿರ್ತದೆ, ನಾಯಿಗಳು ಉಂಟು. ಆದರೂ ತಿಂಗಳಿಗೊಮ್ಮೆ ಹೋಗಿ, ಮನಸ್ಸಿಗೆ ಅದರಷ್ಟು ಒಳ್ಳೆಯ ಮದ್ದಿಲ್ಲ.

12 ವಾರದ ಭಾನುವಾರಗಳು ಹೀಗೆ ಇರಲಿ: 70, 80, 90, ನಾಲ್ಕನೆಯದಕ್ಕೆ ಇಳಿಸಿ 65. ಮತ್ತೆ 95, 105, 115, ಪುನಃ ಇಳಿಸಿ 75. ಆಮೇಲೆ 120, 130, 80, ಕೊನೆಯ ವಾರದ ನಡುವೆ ಒಂದು 40, ಆ ಭಾನುವಾರವೇ ದೊಡ್ಡ ಸವಾರಿ. 130 ಅಂದರೆ ಬ್ರಹ್ಮಾವರದ ಹತ್ತಿರ ತಿರುಗಿ ಬರುವುದು. 160ನ್ನು ಮೊದಲೇ ಮಾಡಿ ನೋಡುವ ಹಠ ಬೇಡ. ಅದರ ದಣಿವು ಆರ್ಲಿಕ್ಕೆ ವಾರ ಹಿಡೀತದೆ, ನಡುವಿನ ಅಭ್ಯಾಸ ಎಲ್ಲ ಹಾಳು. ಇಳಿಸುವ ವಾರಗಳನ್ನು ಹಾರಿಸಲೇ ಬೇಡಿ. ಎಂಟನೇ ವಾರಕ್ಕೆ ‘ಸೈಕಲ್ ಕಂಡರೆ ಆಗುದಿಲ್ಲ’ ಅನ್ನುವವರು ಬಹಳ ಮಂದಿ ನಾಲ್ಕನೇ ವಾರದ ವಿಶ್ರಾಂತಿ ಹಾರಿಸಿದವರು.

ವಾರ್ಡ್_ನರ್ಸ್:

ಪ್ರಶ್ನೆಯಲ್ಲಿ ಒಂದು ಸಾಲು ಹಾಗೇ ಉಳಿದುಹೋಯಿತು: ರೋಗಿಗಳ ಕಷ್ಟ ನೆನೆದರೆ ಬೇಜಾರು ಹೆಚ್ಚಾಗುತ್ತದೆ ಎಂಬುದು. ಆಂಕಾಲಜಿ (ಕ್ಯಾನ್ಸರ್) ವಾರ್ಡಿನ ಕೆಲಸದಿಂದ ಗೊತ್ತಿರುವ ಮಟ್ಟಿಗೆ ಅದರ ಬಗ್ಗೆ ಬರೆಯುತ್ತೇನೆ.

‘ಅವರು ಅಷ್ಟು ನೋವು ತಿನ್ನುವಾಗ ನಾನು ಇಷ್ಟಕ್ಕೇ ಸೋಲುವುದಾ’ ಎಂದು ತನ್ನನ್ನೇ ಹೊಡೆದುಕೊಂಡು ತುಳಿದರೆ ಹತ್ತು ನಿಮಿಷ ಕಾಲು ಓಡಬಹುದು. ಆಮೇಲೆ ಉಳಿಯುವುದು ತಪ್ಪಿತಸ್ಥ ಭಾವ ಮಾತ್ರ, ಮುಂದಿನ ಭಾನುವಾರ ಅಲಾರಂ ಆಫ್ ಮಾಡಿಸುವುದೂ ಅದೇ. ನಿಮ್ಮ ದಣಿವನ್ನು ಅವರ ನೋವಿಗೆ ಹೋಲಿಸುವುದೇ ಬೇಡ. ನಿಮ್ಮಿಂದ ಅವರಿಗೆ ಬೇಕಾದ್ದು ಅದಲ್ಲ.

ಬೇಕಾದ್ದು ಏನು ಅಂದರೆ, ತೀರಾ ಸಣ್ಣ ಸಣ್ಣ ಸಂಗತಿಗಳು. ರೇಡಿಯೋಥೆರಪಿ ಸಾಮಾನ್ಯವಾಗಿ ವಾರಕ್ಕೆ ಐದು ದಿನ. ಬಾಯಿ, ಗಂಟಲು, ಗರ್ಭಕೊರಳಿನ ಕ್ಯಾನ್ಸರಿಗೆ ಅನೇಕ ಸಲ ಐದರಿಂದ ಏಳು ವಾರ ನಡೆಯುತ್ತದೆ. ಒಂದು ದಿನದ ಚಿಕಿತ್ಸೆ ಕೆಲವೇ ನಿಮಿಷ, ಆದರೆ ದಿನವೂ ಬರಬೇಕು. ಮಂಗಳೂರು, ಮಣಿಪಾಲದ ಆಸ್ಪತ್ರೆಗಳಿಗೆ ಕಾಸರಗೋಡು, ಚಿಕ್ಕಮಗಳೂರು, ಉತ್ತರ ಕನ್ನಡದಿಂದೆಲ್ಲ ಬರುತ್ತಾರೆ. ಚಿಕಿತ್ಸೆಯ ಖರ್ಚಿಗೆ ಸರಕಾರದ ಯೋಜನೆ ಸಿಕ್ಕಿದರೂ ಒಂದೂವರೆ ತಿಂಗಳ ರೂಮು ಬಾಡಿಗೆ, ಬಸ್ಸಿನ ಹಣ, ಜೊತೆಗೆ ಇರುವವರ ಕೂಲಿ ಹೋದದ್ದು ಮನೆಯವರ ತಲೆ ಮೇಲೆಯೇ. ನಡುವೆ ಚಿಕಿತ್ಸೆ ತಪ್ಪಿಸಿದರೆ ಅದರ ಫಲ ಕುಗ್ಗುತ್ತದೆ. ದುಡ್ಡಿಲ್ಲದೆ ಊರಿಗೆ ಹೋಗಿ ಕುಳಿತವರನ್ನು ವಾಪಸ್ ಕರೆಸುವುದು ನಮ್ಮ ಕೆಲಸದ ದೊಡ್ಡ ಪಾಲು.

ಹಾಗಾಗಿ ನೀವು ಯಾವ ಸಂಸ್ಥೆಗೆ ಓಡಿಸುತ್ತೀರೋ ಅವರನ್ನೇ ಕೇಳಿ: ಒಬ್ಬ ರೋಗಿ, ಒಬ್ಬ ಜೊತೆಗಾರರಿಗೆ ಒಂದು ದಿನದ ವಸತಿ–ಊಟಕ್ಕೆ ಎಷ್ಟು? ನಿಮಗೆ ಬಂದ ದೇಣಿಗೆಯನ್ನು ಅದರಿಂದ ಭಾಗಿಸಿ. ‘ಕ್ಯಾನ್ಸರ್ ವಿರುದ್ಧ ಸವಾರಿ’ ಎಂಬುದನ್ನು ಸುರತ್ಕಲ್ಲಿನ ಬಿಸಿಲಿನಲ್ಲಿ ಹಿಡಿದುಕೊಳ್ಳಲು ಆಗುವುದಿಲ್ಲ. ‘ಪಾವಂಜೆಯಿಂದ ಮೂಲ್ಕಿಗೆ, ಒಬ್ಬರ ಎರಡು ದಿನದ ರೂಮು’ ಎಂಬುದನ್ನು ಹಿಡಿದುಕೊಳ್ಳಬಹುದು. ಮೇಲಿನವರು ಹೇಳಿದ ಹೊಳೆ ಲೆಕ್ಕಕ್ಕೆ ಇದು ಸರಿಯಾಗಿ ಕೂಡುತ್ತದೆ.

ರೋಗಿಗಳ ಹೆಸರುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗುವುದಾದರೆ ಮೊದಲು ಅವರ ಅಥವಾ ಮನೆಯವರ ಒಪ್ಪಿಗೆ ಕೇಳಿ. ಕಾಯಿಲೆ ಊರಿಗೆಲ್ಲ ಗೊತ್ತಾಗುವುದು ಎಷ್ಟೋ ಜನಕ್ಕೆ ಇಷ್ಟವಿಲ್ಲ. ಮೊದಲಕ್ಷರ ಮಾತ್ರ ಬರೆದರೂ ನಿಮಗೆ ಸಾಕಾಗುತ್ತದೆ. ಬಿಳಿ ಅಂಟುಪಟ್ಟಿಯನ್ನು ಸೈಕಲ್ಲಿನ ಮೇಲಿನ ದಂಡಕ್ಕೆ ಅಂಟಿಸಿ ಅಳಿಸದ ಮಾರ್ಕರಿನಲ್ಲಿ ಬರೆಯಿರಿ, ಮೇಲಿಂದ ಪಾರದರ್ಶಕ ಟೇಪು ಹಾಕಿ. ಹಾಕದಿದ್ದರೆ ಮೊದಲ ಗಂಟೆಯಲ್ಲೇ ಗಲ್ಲದಿಂದ ಬಿದ್ದ ಬೆವರಿಗೆ ಪಟ್ಟಿಯ ಅಂಚು ಏಳುತ್ತದೆ, ಅಕ್ಷರದ ಮೇಲೆ ಉಪ್ಪು ಬೆಳ್ಳಗೆ ಕೂರುತ್ತದೆ. ತೀರಿಕೊಂಡವರ ಹೆಸರೂ ಇರಲಿ. ‘ಸೋತರು’ ಎಂದು ಮಾತ್ರ ಎಲ್ಲೂ ಬರೆಯಬೇಡಿ, ಕಾಯಿಲೆಯಿಂದ ಹೋದವರು ಯಾರಿಗೂ ಸೋತವರಲ್ಲ.

ಸವಾರಿ ಮುಗಿಸಿ ನೇರ ವಾರ್ಡಿಗೆ ಬರುವುದು, ಫೋಟೋ ತೆಗೆಯುವುದು ಬೇಡ. ಕೀಮೋ ನಡೆಯುವಾಗ ಬಿಳಿ ರಕ್ತಕಣ ಇಳಿದಿರುತ್ತವೆ, ನಿಮ್ಮ ಸಣ್ಣ ಶೀತವೂ ಅವರಿಗೆ ದೊಡ್ಡದಾಗಬಹುದು. ನಿಮ್ಮ ತಂಡದಲ್ಲಿ ಚಿಕಿತ್ಸೆ ಮುಗಿಸಿದವರು ಇದ್ದರೆ ಉದ್ದ ಸವಾರಿಗೆ ಮೊದಲು ಅವರ ಆಂಕಾಲಜಿಸ್ಟರ ಒಪ್ಪಿಗೆ ಬೇಕೇ ಬೇಕು. ಕೆಲವು ಔಷಧಗಳು, ಎದೆಗೆ ಕೊಟ್ಟ ರೇಡಿಯೇಷನ್ ಹೃದಯದ ಮೇಲೆ ಪರಿಣಾಮ ಮಾಡಿರಬಹುದು.

ಕೂಳೂರು_ಸೈಕಲ್:

ತುಂಬಾ ಉಪಕಾರ ಎಲ್ಲರಿಗೂ. ನರ್ಸ್ ಅಕ್ಕ, ರೂಮಿನ ಲೆಕ್ಕ ಸಂಸ್ಥೆಯವರಲ್ಲಿ ಇವತ್ತೇ ಕೇಳ್ತೇನೆ. ಇನ್ನೂ ಮೂರು ಪ್ರಶ್ನೆ ಉಂಟು. ಗೆಳೆಯರು ‘ಕಿ.ಮೀ.ಗೆ ಇಷ್ಟು ರೂಪಾಯಿ, 160 ಮುಗಿಸಿದರೆ ಮಾತ್ರ’ ಅಂತ ದೇಣಿಗೆ ಹೇಳ್ತಿದ್ದಾರೆ, ಅದರಿಂದ ಹುಮ್ಮಸ್ಸು ಬರಬಹುದಾ? ಎರಡನೆಯದು, 40 ದಾಟಿದರೆ ಕಿರುಬೆರಳು, ಉಂಗುರಬೆರಳು ಜೋಮು ಹಿಡೀತದೆ, ಕೂತ ಜಾಗ ಉರೀತದೆ. ಮತ್ತೆ ಒಂದು ಕಿವಿಗೆ ಇಯರ್‌ಫೋನ್ ಹಾಕಿ ಪದ್ಯ ಕೇಳಬಹುದಾ?

ರಸೀದಿ_ಪುಸ್ತಕ:

ದೇಣಿಗೆಯ ಬಗ್ಗೆ ಮಾತ್ರ ಹೇಳ್ತೇನೆ. ‘ಮುಗಿಸಿದರೆ ಮಾತ್ರ’ ಎಂಬ ಮಾತು ಒಪ್ಪಬೇಡಿ. ಮೊಣಕಾಲು ನೋಯುವಾಗಲೂ, ತಲೆ ತಿರುಗುವಾಗಲೂ ನಿಲ್ಲಿಸದ ಹಾಗೆ ಮಾಡುವುದು ಇದೇ. ರೋಗಿಗೆ ಸೇರಬೇಕಾದ ಹಣ ನಿಮ್ಮ ಮೊಣಕಾಲಿನ ಮೇಲೆ ನಿಂತಿರುವುದು ಸರಿಯೂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 1980ರಲ್ಲಿ ಶುರುವಾದ ಪ್ಯಾನ್-ಮಾಸ್ ಚಾಲೆಂಜ್ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗಾಗಿ ನಡೆಯುವ ಸವಾರಿ. ಅಲ್ಲಿ ಸವಾರರು ಇಷ್ಟು ಮೊತ್ತ ಕೂಡಿಸಿಕೊಡುತ್ತೇವೆಂದು ಮೊದಲೇ ಒಪ್ಪಿಕೊಳ್ಳುತ್ತಾರೆ. ನೀವೂ ನಿಶ್ಚಿತ ಮೊತ್ತವನ್ನೇ ಕೇಳಿ, ಸವಾರಿಗೆ ಮೊದಲೇ ಅದು ಜಮಾ ಆಗಲಿ. ಆಗ ಅಭ್ಯಾಸಕ್ಕೆ ಹೊರಡುವಾಗ ‘ಹಣ ಆಗಲೇ ಸೇರಿದೆ, ನನ್ನ ಪಾಲು ಬಾಕಿ’ ಎಂದಿರುತ್ತದೆ.

ಹಣ ನಿಮ್ಮ ಸ್ವಂತ ಯುಪಿಐಗೆ ಬರುವುದು ಬೇಡ, ನೇರ ಸಂಸ್ಥೆಯ ಖಾತೆಗೆ ಹೋಗಲಿ. ತೆರಿಗೆ ವಿನಾಯಿತಿಯ ರಸೀದಿ ಬೇಕಾದವರಿಗೆ ಮೊದಲೇ ತಿಳಿಸಿ: ನಗದಾಗಿ 2,000 ರೂ. ಮೀರಿ ಕೊಟ್ಟರೆ ವಿನಾಯಿತಿ ಸಿಗುವುದಿಲ್ಲ, ರಸೀದಿಗೆ ಪ್ಯಾನ್ ನಂಬರ್ ಕೊಡಬೇಕು. ವಾರಕ್ಕೊಮ್ಮೆ ದೇಣಿಗೆದಾರರಿಗೆ ಎರಡು ಸಾಲು ಕಳಿಸಿ: ಈ ವಾರ ಎಷ್ಟು ದೂರ, ಈ ತನಕ ಎಷ್ಟು ಕೂಡಿತು. ಅದಕ್ಕೆ ಬರುವ ಉತ್ತರಗಳೇ ಮುಂದಿನ ಭಾನುವಾರ ಎಬ್ಬಿಸುತ್ತವೆ.

ಚೈನ್_ಎಣ್ಣೆ:

ಜೋಮು ಅಂಗೈಯ ಹೊರಬದಿಯ ಅಲ್ನರ್ ನರದ್ದು. ಹೈಬ್ರಿಡ್‌ನ ನೇರ ಹ್ಯಾಂಡಲ್ ಹಿಡಿದು ಗಂಟೆಗಟ್ಟಲೆ ಒಂದೇ ಕಡೆ ಒತ್ತಿದರೆ ಬರುವುದೇ. ಮೊದಲು ಸೀಟು ನೋಡಿ: ಅದರ ಮೂತಿ ಕೆಳಗೆ ವಾಲಿದ್ದರೆ ಮೈಯ ಭಾರ ಮುಂದೆ ಜಾರಿ ಕೈ ಮೇಲೆ ಬೀಳುತ್ತದೆ. ಸೀಟಿನ ಮೇಲೆ ಮಟ್ಟಗೋಲು ಇಟ್ಟು ಸಮ ಮಾಡಿ. ಆಮೇಲೆ ಎತ್ತರ: ಸೀಟಿನಲ್ಲಿ ಕೂತು ಪೆಡಲ್ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಮೊಣಕಾಲು ಸೀದಾ ಆಗಬೇಕು, ಪಾದದ ಮುಂಭಾಗ ಇಟ್ಟರೆ ಸ್ವಲ್ಪ ಮಡಚಿರಬೇಕು. ಸೊಂಟ ಆಚೀಚೆ ಅಲ್ಲಾಡಿದರೆ ಎತ್ತರ ಜಾಸ್ತಿ, ಕೂತ ಜಾಗ ಉರಿಯುವುದಕ್ಕೆ ಅದೂ ಕಾರಣ. ಒಂದು ಸಲಕ್ಕೆ 3–4 ಮಿ.ಮೀ.ಗಿಂತ ಹೆಚ್ಚು ಬದಲಿಸಬೇಡಿ. ಹ್ಯಾಂಡಲಿನ ತುದಿಗೆ ಬಾರ್-ಎಂಡ್ ಎಂಬ ಕೊಂಬಿನಂಥ ಹಿಡಿ ಹಾಕಿಸಿ, ಹತ್ತು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಲು ಆಗುತ್ತದೆ. 12 ವಾರ ಇರುವಾಗಲೇ ಇದೆಲ್ಲ ಮುಗಿಸಿ. ಕೊನೆಯ ಎರಡು ವಾರದಲ್ಲಿ ಯಾವುದನ್ನೂ ಮುಟ್ಟಬೇಡಿ.

ಪ್ಯಾಡ್ ಇರುವ ಚಡ್ಡಿಯ ಒಳಗೆ ಇನ್ನೊಂದು ಒಳಚಡ್ಡಿ ಹಾಕಬಾರದು, ಅದರ ಹೊಲಿಗೆಯೇ ಚರ್ಮ ಕೀಳುತ್ತದೆ. ಉಜ್ಜುವ ಜಾಗಕ್ಕೆ ಕ್ರೀಮು, ಸಿಗದಿದ್ದರೆ ವ್ಯಾಸಲೀನ್. ಬಂದ ಕೂಡಲೇ ಕಳಚಿ ಸ್ನಾನ. ಇಲ್ಲಿಯ ಹವೆಗೆ ಪ್ಯಾಡ್ ಒಂದು ದಿನದಲ್ಲಿ ಒಣಗುವುದಿಲ್ಲ, ಹಸಿಯದ್ದನ್ನು ಹಾಕಿದರೆ ಕುರು ಏಳುತ್ತದೆ, ಹಾಗಾಗಿ ಎರಡು ಜೊತೆ ಇರಲಿ.

ಟಯರ್ ಗಾಳಿ ನಿಮ್ಮ ತೂಕಕ್ಕೆ 32ರಲ್ಲಿ ಮುಂದೆ 50–55, ಹಿಂದೆ 55–60 ಪಿ.ಎಸ್.ಐ. ಸೈಡಿನಲ್ಲಿ ಬರೆದ ಗರಿಷ್ಠ ಅಂಕಿಗೆ ತುಂಬಿಸಿದರೆ ವೇಗ ಬರುವುದಿಲ್ಲ, ಕುಲುಕಾಟ ಮಾತ್ರ ಬರುತ್ತದೆ, ಜೋಮೂ ಹೆಚ್ಚು. ಹೆದ್ದಾರಿಯಲ್ಲಿ ಪಂಕ್ಚರ್ ಮಾಡುವುದು ಹೆಚ್ಚಾಗಿ ಒಡೆದ ಲಾರಿ ಟಯರಿನ ಕೂದಲಿನಷ್ಟು ಸಣ್ಣ ತಂತಿ. ಹೊಸ ಟ್ಯೂಬ್ ಹಾಕುವ ಮೊದಲು ಟಯರಿನ ಒಳಗೆ ಹತ್ತಿ ಅಥವಾ ಬಟ್ಟೆ ಆಡಿಸಿ, ತಂತಿ ಇದ್ದಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ಅದನ್ನು ಕೀಳದೆ ಟ್ಯೂಬ್ ಹಾಕಿದರೆ ಅರ್ಧ ಕಿ.ಮೀ.ಯಲ್ಲಿ ಅದೂ ಹೋಯಿತು. ಟ್ಯೂಬ್ ಎರಡು, ಪ್ಯಾಚ್, ಟಯರ್ ಲಿವರ್ ಎರಡು, ಪಂಪು, ಮಲ್ಟಿ ಟೂಲ್, ತುಂಡಾದ ಚೈನ್ ಜೋಡಿಸುವ ಕ್ವಿಕ್ ಲಿಂಕ್ ಒಂದು. ಮನೆಯಲ್ಲಿ ಹಿಂದಿನ ಚಕ್ರ ಬಿಚ್ಚಿ ಹಾಕುವುದನ್ನು ಅಭ್ಯಾಸ ಮಾಡಿ.

ಕಡಲ ಬದಿ ಹೋಗಿ ಬಂದ ದಿನ ಒತ್ತಡವಿಲ್ಲದ ಸಿಹಿನೀರಿನಲ್ಲಿ ತೊಳೆದು, ಚೈನ್ ಒಣಗಿಸಿ, ಕೊಂಡಿಗೊಂದು ಹನಿ ಎಣ್ಣೆ, ಹತ್ತು ನಿಮಿಷ ಬಿಟ್ಟು ಹೊರಗಿನದ್ದು ಒರೆಸಿ. ಕಿರಿಕಿರಿ ಸದ್ದು ಮಾಡುವ ಚೈನ್ 100 ಕಿ.ಮೀ. ಕೇಳುತ್ತಾ ಹೋದರೆ ಯಾರ ಮನಸ್ಸೂ ಉಳಿಯುವುದಿಲ್ಲ.

ಪಡುವಣ_ಗಾಳಿ:

ಇಯರ್‌ಫೋನ್ ಒಂದು ಕಿವಿಗೂ ಬೇಡ, ದಯವಿಟ್ಟು. ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸು ನಿಮ್ಮನ್ನು ಬಲದಿಂದ ಹಿಂದೆ ಹಾಕಿ, ಮುಂದಿನ ಸ್ಟಾಪಿಗೆ ತಟ್ಟನೆ ಎಡಕ್ಕೆ ಎಳೀತದೆ. ಹಾರ್ನ್, ಕಂಡಕ್ಟರ್ ಬಾಗಿಲಿಗೆ ಬಡಿಯುವ ಸದ್ದು, ಎಂಜಿನ್ ಇಳಿಯುವ ಸದ್ದು, ಇಷ್ಟೇ ನಿಮಗೆ ಸಿಗುವ ಮುನ್ಸೂಚನೆ. ಬಸ್ ಸ್ಟಾಪ್ ಕಂಡ ಕೂಡಲೇ ಹಿಂದೆ ಒಮ್ಮೆ ತಿರುಗಿ ನೋಡಿ. ಸರ್ವಿಸ್ ರಸ್ತೆ ಸೇರುವಲ್ಲಿ ವಿರುದ್ಧ ದಿಕ್ಕಿನಿಂದ ಬರುವ ಸ್ಕೂಟರ್ ಬೇರೆ. ಪದ್ಯ ಬೇಕಾದರೆ ನೀವೇ ಹೇಳಿಕೊಂಡು ಹೋಗಿ. ಉಸಿರು ಸಾಕಾಗದಿದ್ದರೆ ವೇಗ ಜಾಸ್ತಿ ಅಂತ ಅರ್ಥ, ಶಾಂಭವಿಯವರ ಪರೀಕ್ಷೆಯೂ ಆಯಿತು.

ಒಟ್ಟಿಗೆ ಒಬ್ಬರಾದರೂ ಇರಲಿ. ‘ಐದೂಕಾಲಿಗೆ ಕೊಟ್ಟಾರ ಚೌಕಿ’ ಅಂತ ಶನಿವಾರ ಮಾತಾಗಿದ್ದರೆ ಹಾಸಿಗೆಯಿಂದ ಏಳುವುದಾ ಬೇಡವಾ ಅನ್ನುವ ಪ್ರಶ್ನೆಯೇ ಇಲ್ಲ.

ಶಾಂಭವಿ_ದಡ:

ಈ ಭಾನುವಾರಕ್ಕೆ ದೂರ ಹೆಚ್ಚಿಸಬೇಡಿ, ಅದೇ 70. ಶನಿವಾರ ರಾತ್ರಿಯೇ ಬಾಟ್ಲಿ ಎರಡೂ ಕಲಸಿ ಫ್ರಿಡ್ಜಿನಲ್ಲಿಡಿ, ಬಟ್ಟೆ, ದೀಪ, ಹೆಲ್ಮೆಟ್ ಬಾಗಿಲ ಬಳಿ ಇರಲಿ. ನಾಲ್ಕೂಕಾಲಿಗೆ ಇಡ್ಲಿ, ಐದೂಕಾಲಿಗೆ ಹೊರಡಿ, ಪಾವಂಜೆ ತನಕ ವೇಗ 22 ದಾಟದಿರಲಿ. ಮೂರು ಗಂಟೆಯ ಸವಾರಿಗೆ ಒಟ್ಟು 150 ಗ್ರಾಂ ಕಾರ್ಬೋಹೈಡ್ರೇಟ್ ಬೇಕು: ಶರಬತ್ತು ಎರಡು ಬಾಟ್ಲಿಯಲ್ಲಿ 60, ಕದಳಿ ನಾಲ್ಕು, ಚಿಕ್ಕಿ ಎರಡು, ಖರ್ಜೂರ ಎರಡು. ಉಚ್ಚಿಲದಲ್ಲಿ ತಿರುಗುವಾಗ ಒಂದು ಬಾಟ್ಲಿ ಪೂರ್ತಿ ಖಾಲಿಯಾಗಿರಬೇಕು, ಇಲ್ಲದಿದ್ದರೆ ಅಲ್ಲೇ ನಿಂತು ಮುಗಿಸಿ. ಮುಕ್ಕ ಬರುವಾಗ ಮನಸ್ಸು ಹೇಗಿತ್ತು, ಮೊದಲೂ ಆಮೇಲೂ ತೂಕ ಎಷ್ಟು, ಇಲ್ಲೇ ಬರೆದು ಹಾಕಿ. 80ಕ್ಕೆ ನೀರು, ಉಪ್ಪು ಎಷ್ಟು ಅಂತ ಅದನ್ನು ನೋಡಿಯೇ ಹೇಳಬೇಕು.